ಬಂಗಾರದ ತೊಲ, ಬೆಲ್ಲದ ಸೇರು

ಬೆಲ್ಲ ತೂಗುವ ತಕ್ಕಡಿಯಲ್ಲಿ ಯಾರೂ ಬಂಗಾರ ತೂಗುವುದಿಲ್ಲ. ಬೆಲ್ಲದಲ್ಲಿ ಒಂದು ಚೂರು ಹೆಚ್ಚುಕಡಿಮೆಯಾದರೆ ಅಂಗಡಿಯವನಿಗೂ ಚಿಂತೆಯಿಲ್ಲ, ಗಿರಾಕಿಗೂ ಇಲ್ಲ. ಬಂಗಾರದಲ್ಲಿ ಗುಲಗಂಜಿಯಷ್ಟು ಕೊರೆಯಾದರೂ ಮನೆಯಲ್ಲಿ ಮಾತು ಬೆಳೆಯುತ್ತದೆ. ಈ ಎರಡು ತೂಕಗಳ ಇತಿಹಾಸ ಸ್ವಾರಸ್ಯವಾದುದು ಮಾತ್ರವಲ್ಲ, ಅದನ್ನರಿಯದವರಿಗೆ ಇಂದಿಗೂ ನಷ್ಟವಾಗುವ ಸಂಭವವುಂಟು.

ಮುಂಬಯಿಯಿಂದ ಇಗತಪುರಿಯ ಘಟ್ಟ ಹತ್ತಿ ನಾಸಿಕಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ಊರಿಗೆ ಮುಂಚೆ ಸಿಗುವ ಪಾಂಡವಲೇಣಿ ಗುಹೆಗಳನ್ನು ನೋಡಿರಬಹುದು. ಕ್ಷತ್ರಪ ದೊರೆ ನಹಪಾನನ ಅಳಿಯನಾದ ಉಷವದಾತನು ಅಲ್ಲಿನ ಶಾಸನವೊಂದರಲ್ಲಿ 70,000 ಕಾರ್ಷಾಪಣಗಳ ದಾನವನ್ನು ಹೇಳಿ, 35 ಕಾರ್ಷಾಪಣಕ್ಕೆ ಒಂದು ಸುವರ್ಣದಂತೆ ಅದು 2,000 ಸುವರ್ಣವೆಂದು ಲೆಕ್ಕ ಬಿಡಿಸಿದ್ದಾನೆ. ಸುಮಾರು 1,900 ವರ್ಷಗಳ ಹಿಂದೆಯೇ ಬೆಳ್ಳಿಬಂಗಾರದ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಡುವಷ್ಟು ಎಚ್ಚರಿಕೆಯಿತ್ತು.

ಈ ಲೆಕ್ಕಗಳಿಗೆಲ್ಲ ಬೀಜವೆಂದರೆ ನಿಜವಾಗಿಯೂ ಒಂದು ಬೀಜವೇ: ನಮ್ಮ ಗುಲಗಂಜಿ. ಮನುಸ್ಮೃತಿಯಲ್ಲಿ ಬಂಗಾರದ ಮಾಷಕ್ಕೆ ಐದು ಗುಲಗಂಜಿ, ಬೆಳ್ಳಿಯ ಮಾಷಕ್ಕೆ ಎರಡೇ. ಮುಂದೆ ಎಂಟು ಗುಲಗಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲ ಎಂಬ ಲೆಕ್ಕ ರೂಢಿಗೆ ಬಂತು. ಕನ್ನಡ ನಾಡಿನಲ್ಲಿ ಗದ್ಯಾಣ, ವರಹ, ಹಣ ಇವು ನಾಣ್ಯಗಳೂ ಹೌದು, ತೂಕಗಳೂ ಹೌದು. ಅಕ್ಕಿ, ರಾಗಿಗಳನ್ನಾದರೋ ತೂಗುವುದಕ್ಕಿಂತ ಪಾವು, ಸೇರು, ಕೊಳಗಗಳಲ್ಲಿ ಅಳೆಯುವುದೇ ಹೆಚ್ಚು.

ಇಂಗ್ಲೆಂಡಿನಲ್ಲಿ ಎರಡು ಪೌಂಡುಗಳಿದ್ದವು. ಬೆಳ್ಳಿಬಂಗಾರಕ್ಕೆ 5,760 ಗ್ರೇನಿನ ಟ್ರಾಯ್ ಪೌಂಡು, ದಿನಸಿಗೆ 7,000 ಗ್ರೇನಿನ ಸಾಮಾನ್ಯ ಪೌಂಡು. ಆದರೆ ಕಂಪನಿ ಸರಕಾರವು 1833ರಲ್ಲಿ ಇಲ್ಲಿ ಮಾಡಿದ ಏರ್ಪಾಡು ಬೇರೆ. ಬೆಳ್ಳಿ ರೂಪಾಯಿಯ ತೂಕವಾದ 180 ಗ್ರೇನೇ ಒಂದು ತೊಲ; 80 ತೊಲಕ್ಕೆ ಒಂದು ಸೇರು; 40 ಸೇರಿಗೆ ಒಂದು ಮಣ. ಗುಣಿಸಿ ನೋಡಿದರೆ ಈ ಮಣ ಸರಿಯಾಗಿ 100 ಟ್ರಾಯ್ ಪೌಂಡು! ಅಂದರೆ ಜೋಳದ ಮೂಟೆಯೂ ಬೆಳ್ಳಿಯ ತೂಕದಿಂದಲೇ ಹುಟ್ಟಿತು.

ಆದರೂ ಪೇಟೆ ತನ್ನ ರೂಢಿ ಬಿಡಲಿಲ್ಲ. 1865ರಲ್ಲಿ ಥಳಘಾಟ್ ಹತ್ತಿ ಇಗತಪುರಿಗೆ ರೈಲು ಬಂದ ಕಾಲದಲ್ಲಿ ಮುಂಬಯಿಯ ಮಣ 28 ಪೌಂಡು. ರೈಲ್ವೆ ಮಣವೆಂದೇ ಹೆಸರಾದ 40 ಸೇರಿನ ಮಣ 82 ಪೌಂಡಿಗೂ ಮೇಲೆ. ಹಳೆಯ ಮೈಸೂರಿನ ಕಚ್ಚಾ ಸೇರು ಕೇವಲ 24 ರೂಪಾಯಿ ತೂಕ. ಊರು ಬದಲಾದರೆ ಸೇರು ಬದಲಾಗುತ್ತಿತ್ತು. ಸರಕಾರದ ಬೆಳ್ಳಿ ರೂಪಾಯಿ ಮಾತ್ರ ಎಲ್ಲ ಕಡೆಯೂ ಒಂದೇ ತೂಕ. ಆದ್ದರಿಂದ ಸೇರು ಎಷ್ಟೆಂದು ಕೇಳಿದರೆ ಇಷ್ಟು ರೂಪಾಯಿ ತೂಕವೆಂದು ಹೇಳಬೇಕಾಗುತ್ತಿತ್ತು.

1956ರ ಕಾನೂನಿನ ಮೇರೆಗೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕಗಳು ಬಂದ ಮೇಲೆ ಪರಿಸ್ಥಿತಿ ತಿರುಗಿ ನಿಂತಿತು. ಬೆಲ್ಲದ ಕಿಲೋ ಇಂದು ಎಲ್ಲಿ ಹೋದರೂ ಒಂದೇ; ತೊಲವೇ ಎರಡಾಗಿದೆ. ಹಳೆಯ ತೊಲ 11.664 ಗ್ರಾಂ, ಇಂದು ಮಹಾರಾಷ್ಟ್ರದ ಪೇಟೆಗಳಲ್ಲಿ ಬಾಯಿಮಾತಿಗೆ ತೊಲವೆಂದರೆ ಸಾಮಾನ್ಯವಾಗಿ 10 ಗ್ರಾಂ.

ಇದು ಕೇವಲ ಇತಿಹಾಸದ ಮಾತಲ್ಲ. ಅಜ್ಜಿಯ ಕಾಲದ ಮದುವೆ ಯಾದಿಯಲ್ಲೋ ಪಾಲುಪಟ್ಟಿಯಲ್ಲೋ "ಹತ್ತು ತೊಲ" ಎಂದು ಬರೆದಿದ್ದರೆ ಅದು 116 ಗ್ರಾಮಿಗೂ ಹೆಚ್ಚು. ಅದನ್ನು 100 ಗ್ರಾಂ ಎಂದು ಹಂಚಿದರೆ ಯಾರದೋ ಪಾಲಿನ 16 ಗ್ರಾಂ ಮಾಯವಾಗುತ್ತದೆ, ಅಣ್ಣತಮ್ಮಂದಿರ ನಡುವೆ ಇಲ್ಲದ ಸಂಶಯ ಹುಟ್ಟುತ್ತದೆ. ಸವೆತ, ಹರಳು, ಅರಗು ಇವುಗಳ ಲೆಕ್ಕ ಬೇರೆಯೇ ಇದೆ. ಬಂಗಾರದ ಅಂಗಡಿಗೆ ಕಿರಾಣಿ ಅಂಗಡಿಗಿಂತ ಸೂಕ್ಷ್ಮವಾದ ತಕ್ಕಡಿ ಇರಬೇಕೆಂದು ಕಾನೂನೇ ಹೇಳುತ್ತದೆ. ಮನೆಯ ಹಿರಿಯರು ಹಳೆಯ ಯಾದಿಗಳನ್ನು ತೆಗೆದು, ಬರೆದ ವರ್ಷ ನೋಡಿ, ತೊಲದ ಪಕ್ಕದಲ್ಲಿ ಗ್ರಾಂ ಬರೆದಿಟ್ಟರೆ ಮುಂದಿನವರಿಗೆ ದೊಡ್ಡ ಉಪಕಾರವಾದೀತು.