ಲಾಲ್‌ಬಾಗ್‌ಗೆ ನೀರು ಹಾಕಿದ್ದು ಯಾರು?

ಇಯರ್‌ಫೋನ್ ಹಾಕ್ಕೊಂಡು ಪಾರ್ಕಲ್ಲಿ ವಾಕ್ ಮಾಡ್ತಾ ಇದನ್ನ ಕೇಳ್ತಿರೋರು ಗೇಟಿನ ಹತ್ರ ಇರೋ ಕಲ್ಲನ್ನ ಒಂದ್ಸಲ ನೋಡಿ. ಯಾರು ಉದ್ಘಾಟನೆ ಮಾಡಿದ್ರು, ಅಧ್ಯಕ್ಷತೆ ಯಾರದ್ದು, ಯಾವ ವರ್ಷ, ಎಲ್ಲಾ ಕೆತ್ತಿರ್ತಾರೆ. ಒಳಗಿರೋ ಹುಲ್ಲಿಗೆ ನೀರು ಎಲ್ಲಿಂದ ಬರುತ್ತೆ, ತಿಂಗಳು ತಿಂಗಳು ಅದರ ಖರ್ಚು ಯಾರ ತಲೆ ಮೇಲೆ ಅನ್ನೋದು ಯಾವ ಕಲ್ಲಲ್ಲೂ ಇರಲ್ಲ. ಇವತ್ತಿನ ಸಂಚಿಕೆ ಆ ಬರೆಯದೇ ಬಿಟ್ಟ ಸಾಲಿನ ಬಗ್ಗೆ.

ನಾನು ಓದಿದ್ದು ಬಿ.ಕಾಂ. ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ: ಬಂಡವಾಳ ವೆಚ್ಚ ಬೇರೆ, ಆವರ್ತಕ ವೆಚ್ಚ ಬೇರೆ. ಕಟ್ಟೋದು ಒಂದ್ಸಲದ ಖರ್ಚು, ನಡೆಸೋದು ದಿನದ ಖರ್ಚು. ಇತಿಹಾಸದ ಪುಸ್ತಕಗಳು ತೋಟ ಕಟ್ಟಿದವರ ಹೆಸರು ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. ಒಣಸೀಮೆಯ ತೋಟದ ಕಥೆ ಶುರುವಾಗೋದು ಕಟ್ಟಿ ಮುಗಿಸಿದ ಮಾರನೇ ದಿನ ಅಂತ ನನಗನಿಸುತ್ತೆ.

ಇದು ಮರುಭೂಮಿ ನಗರಗಳಲ್ಲಿ ಎದ್ದು ಕಾಣುತ್ತೆ. ಸೌದಿಯ ರಿಯಾದ್ ನಗರ 2019ರಲ್ಲಿ 75 ಲಕ್ಷ ಮರ ನೆಡುವ ಯೋಜನೆ ಘೋಷಿಸಿತು. ಮರಗಳ ಜೊತೆಗೇ ಆ ಯೋಜನೆಯಲ್ಲಿ ಇನ್ನೊಂದು ದೊಡ್ಡ ಭಾಗ ಇದೆ: ಒಳಚರಂಡಿ ನೀರನ್ನ ಸಂಸ್ಕರಿಸಿ ಮರಗಳವರೆಗೆ ತಲುಪಿಸೋ ಪೈಪ್‌ಲೈನ್. ಅಲ್ಲಿ ನೀರಿನ ಪ್ರಶ್ನೆ ಮೊದಲು, ಗಿಡದ ಪ್ರಶ್ನೆ ಆಮೇಲೆ. ನಮ್ಮಲ್ಲಿ ಮರಳುಗಾಡು ಇಲ್ಲ, ಹಾಗಾಗಿ ಮೊದಲು ಗಿಡ ನೆಟ್ಟು ಆಮೇಲೆ ನೀರು ಹುಡುಕ್ತೀವಿ. ಆದರೆ ಕರ್ನಾಟಕದ ದೊಡ್ಡ ಭಾಗ ಮಳೆ ನೆಚ್ಚಿಕೊಂಡ ಒಣಭೂಮಿ. ನಮ್ಮ ಅತಿ ಪ್ರಸಿದ್ಧ ತೋಟದ ಕಲ್ಪನೆ ಬಂದಿದ್ದೂ ಅಂಥದ್ದೇ ಒಂದು ಊರಿಂದ ಅಂತ ಹೇಳ್ತಾರೆ. ಆ ಊರು ತುಮಕೂರು ಜಿಲ್ಲೆಯ ಶಿರಾ.

ಬೆಂಗಳೂರಿಂದ ಚಿತ್ರದುರ್ಗಕ್ಕೆ ಹೋಗೋ ಹೆದ್ದಾರಿಯಲ್ಲಿ ಶಿರಾ ಸಿಗುತ್ತೆ. ಎರಡೂ ಕಡೆ ಶೇಂಗಾ ಹೊಲ, ಜಾಲಿ, ಬಿಸಿಲು. 1687ರಲ್ಲಿ ಮೊಘಲರು ಈ ಸೀಮೆ ಹಿಡಿದ ಮೇಲೆ ಶಿರಾ ಒಂದು ಸುಬಾದ ರಾಜಧಾನಿ ಆಯ್ತು. 18ನೇ ಶತಮಾನದ ಮಧ್ಯದಲ್ಲಿ ದಿಲಾವರ್ ಖಾನ್ ಅಲ್ಲಿ ಅಧಿಕಾರಿಯಾಗಿದ್ದಾಗ ಊರು ತುಂಬಿ ತುಳುಕ್ತಿತ್ತು. ಖಾನ್ ಬಾಗ್ ಅನ್ನೋ ತೋಟ ಇತ್ತು. ಅದನ್ನ ನೋಡಿಯೇ ಹೈದರ್ ಅಲಿಗೆ ಬೆಂಗಳೂರಿನ ಲಾಲ್‌ಬಾಗ್‌ನ ಯೋಚನೆ ಹೊಳೆದಿರಬಹುದು ಅನ್ನೋ ಮಾತು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲೂ ಬರುತ್ತೆ.

ಆಮೇಲೆ ಶಿರಾಗೆ ಏನಾಯ್ತು? ಮರಾಠರು ಬಂದ್ರು, ಹೈದರ್ ಬಂದ, ಅಧಿಕಾರ ಬೇರೆ ಊರಿಗೆ ಹೋಯ್ತು. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜಾಂ ಪೇಟೆ ತುಂಬಿಸೋಕೆ ಶಿರಾದಿಂದ 12 ಸಾವಿರ ಕುಟುಂಬಗಳನ್ನ ಬಲವಂತವಾಗಿ ಕರೆತಂದರು ಅಂತ ಅದೇ ಗೆಜೆಟಿಯರ್ ಹೇಳುತ್ತೆ. ಸಂಖ್ಯೆ ಸ್ವಲ್ಪ ಹೆಚ್ಚು ಕಮ್ಮಿ ಇರಲಿ. ಅಷ್ಟು ಜನ ಹೊರಟುಹೋದ ಊರಲ್ಲಿ ತೋಟಕ್ಕೆ ನೀರು ಎತ್ತೋರು ಯಾರಿರ್ತಾರೆ? ಆಗ ನೀರು ಎತ್ತೋದು ಅಂದ್ರೆ ಕಪಿಲೆ, ಏತ. ಒಂದು ಜೊತೆ ಎತ್ತು, ಒಬ್ಬ ಮನುಷ್ಯ, ದಿನಾ. ಎತ್ತು ನಿಂತ್ರೆ ಕಾಲುವೆಯಲ್ಲಿ ನೀರೂ ನಿಲ್ಲುತ್ತೆ.

ಶ್ರೀರಂಗಪಟ್ಟಣದಲ್ಲೂ ಒಂದು ಲಾಲ್‌ಬಾಗ್ ಇತ್ತು, ಗೊತ್ತಾ? ಇವತ್ತು ಗುಂಬಜ್ ಇರೋ ಕಡೆ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಆ ತೋಟದ ಎತ್ತರದ ಸೈಪ್ರೆಸ್ ಮರಗಳನ್ನ ಕಡಿದು, ಮುತ್ತಿಗೆ ಕೆಲಸಕ್ಕೆ ಸೌದೆಕಟ್ಟು ಮಾಡಿಕೊಂಡ್ರು. ಎಷ್ಟೋ ವರ್ಷ ನೀರು ಕುಡಿದು ಬೆಳೆದ ಮರ, ಕೆಲವೇ ದಿನದಲ್ಲಿ ಕಟ್ಟಿಗೆ.

ಈಗ ಬೆಂಗಳೂರಿನ ಲಾಲ್‌ಬಾಗ್‌ಗೆ ಬರೋಣ. 1760ರಲ್ಲಿ 40 ಎಕರೆಯಲ್ಲಿ ಶುರು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದು ನೋಡಿದಾಗ ತೋಟ ಚೌಕ ಚೌಕ ಮಡಿಗಳಾಗಿತ್ತು. ದಾರಿಯುದ್ದಕ್ಕೂ ಸೈಪ್ರೆಸ್. ಗುಲಾಬಿಗೆ ಒಂದು ಮಡಿ, ದಾಳಿಂಬೆಗೆ ಇನ್ನೊಂದು, ಹೀಗೆ. ನೀರಾವರಿ ಮಾಡಿದೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಒಂದೊಂದು ಬೆಳೆಗೆ ಒಂದೊಂದು ಮಡಿ ಇದ್ರೆ ಯಾವುದಕ್ಕೆ ಎಷ್ಟು ನೀರು ಬಿಡಬೇಕು ಅನ್ನೋದು ಕೈಯಲ್ಲಿರುತ್ತೆ. ಮಡಿ ಕಟ್ಟಿ ನೀರು ಹಾಯಿಸೋ ಈ ಕಸುಬಲ್ಲಿ ಬೆಂಗಳೂರಿನ ತಿಗಳರನ್ನ ಮೀರಿಸಿದವರಿಲ್ಲ. ಕರಗದ ದಿನ ಮಾತ್ರ ಅವರ ಹೆಸರು ಎಲ್ಲರ ಬಾಯಲ್ಲಿ, ತೋಟದ ಇತಿಹಾಸದಲ್ಲಿ ಒಂದೆರಡು ಸಾಲು. ಇದು ನನಗೆ ಬೇಜಾರಿನ ವಿಷಯ.

1799ರಲ್ಲಿ ಟಿಪ್ಪು ಹೋದ ಮೇಲೆ ಲಾಲ್‌ಬಾಗ್ ಕೂಡ ಶಿರಾ ದಾರಿ ಹಿಡೀಬಹುದಿತ್ತು. ಕೆಲ ಕಾಲ ಮೇಜರ್ ವಾ ಅನ್ನೋ ಕಂಪನಿ ಅಧಿಕಾರಿಯ ಕೈಯಲ್ಲಿತ್ತು. 1836ರಲ್ಲಿ ಒಂದು ಕೃಷಿ-ತೋಟಗಾರಿಕೆ ಸಂಘ ಹುಟ್ಟಿತು. ಕಮಿಷನರ್ ಮಾರ್ಕ್ ಕಬ್ಬನ್ ತೋಟವನ್ನ ಆ ಸಂಘಕ್ಕೆ ಕೊಟ್ಟರು. 1842ಕ್ಕೆ ಸಂಘವೇ ಮುಚ್ಚಿಹೋಯ್ತು. ಆರೇ ವರ್ಷ! ಉತ್ಸಾಹದಿಂದ ಶುರುವಾಗೋ ಸಂಘಗಳು ನಿತ್ಯದ ಖರ್ಚಿನ ಮುಂದೆ ನಿಲ್ಲೋದು ಎಷ್ಟು ಕಷ್ಟ ಅನ್ನೋದು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳನ್ನ ನೋಡಿದೋರಿಗೆ ಗೊತ್ತು.

ತಿರುವು ಸಿಕ್ಕಿದ್ದು 1856ರಲ್ಲಿ. ಹ್ಯೂ ಕ್ಲೆಗ್‌ಹಾರ್ನ್ ಸಲಹೆ ಮೇಲೆ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನ ಆಯ್ತು. ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಅದಕ್ಕೊಂದು ಕಾಯಂ ಸಾಲು ಬಂತು, ಸಂಬಳ ಪಡೆಯೋ ಮೇಲ್ವಿಚಾರಕ ಬಂದ. 1858ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ, 1874ರಲ್ಲಿ ಜಾನ್ ಕ್ಯಾಮರಾನ್. ನಾವು ಸಾಂಬಾರಿಗೆ ಹಾಕೋ ಸೀಮೆಬದನೆ ಇದೆಯಲ್ಲ, ಅದನ್ನ ಇಲ್ಲಿ ಬೆಳೆಸಿ ಹರಡಿದವರು ಕ್ಯಾಮರಾನ್. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿದ್ದೂ ಅವರ ಕಾಲದಲ್ಲೇ. ಗಾಜಿನ ಮನೆ ಮುಂದೆ ಎಲ್ಲರೂ ಸೆಲ್ಫಿ ತಗೋತೀವಿ. ನನ್ನ ಲೆಕ್ಕದಲ್ಲಿ ಲಾಲ್‌ಬಾಗ್ ಉಳಿದಿದ್ದು 1889ರ ಅಡಿಗಲ್ಲಿನಿಂದಲ್ಲ, 1856ರ ಬಜೆಟ್ ಸಾಲಿನಿಂದ.

1908ರಲ್ಲಿ ಬಂದ ಜರ್ಮನಿಯ ಗುಸ್ತಾವ್ ಕ್ರುಂಬಿಗಲ್ ಬಗ್ಗೆ ಬೇಕಾದಷ್ಟು ವಿಡಿಯೋ ಇವೆ, ಜಾಸ್ತಿ ಹೇಳಲ್ಲ. ವರ್ಷ ಪೂರ್ತಿ ಬೀದಿಯಲ್ಲಿ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕು ಅನ್ನೋ ಅವರ ಯೋಜನೆ ಚಂದ. ಅದರೊಳಗೆ ಒಂದು ಉಳಿತಾಯನೂ ಇದೆ. ಆ ಹೂಮರಗಳಲ್ಲಿ ಬಹಳಷ್ಟು ಒಣಗಾಲದಲ್ಲಿ ಎಲೆ ಉದುರಿಸೋ ಜಾತಿ, ನೆಲೆ ನಿಂತ ಮೇಲೆ ಕೊಡ ಹಿಡ್ಕೊಂಡು ಹಿಂದೆ ಓಡಾಡಬೇಕಿಲ್ಲ. ದಿನಾ ನೀರು ಕೇಳೋದು ಹುಲ್ಲುಹಾಸು.

ಇಷ್ಟೆಲ್ಲಾ ನಡೆಯೋವಾಗ ನಮ್ಮೂರು ಈ ಕಥೆಯಲ್ಲೇ ಇರಲಿಲ್ಲ. ನನ್ನೂರು ಲೊಕ್ಕನಹಳ್ಳಿ. ಕೊಳ್ಳೇಗಾಲದಿಂದ ಒಡೆಯರಪಾಳ್ಯಕ್ಕೆ ಹೋಗೋ ರಸ್ತೆಯಲ್ಲಿ ಸಿಗುತ್ತೆ. ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿಗೆ ಬೈಕಲ್ಲಿ ಹೋಗೋರು ನಮ್ಮೂರನ್ನ ದಾಟಿಯೇ ಹೋಗ್ತಾರೆ, ಟೀ ಕುಡಿಯೋಕೆ ನಿಲ್ತಾರೆ. ಈಗ ಹನೂರು ತಾಲ್ಲೂಕು, ಆಗೆಲ್ಲಾ ಕೊಳ್ಳೇಗಾಲವೇ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಹಾರಾಜರ ಲಾಲ್‌ಬಾಗ್ ನಮ್ಮ ಅಜ್ಜಂದಿರಿಗೆ ಪರರಾಜ್ಯದ ತೋಟ.

ಆದರೆ ಲಾಲ್‌ಬಾಗ್‌ನ ಇವತ್ತಿನ ಸ್ಥಿತಿಗೆ ತಂದವರಲ್ಲಿ ಮುಖ್ಯರು ನಮ್ಮ ನೆರೆಯವರೇ. ಡಾ. ಎಂ.ಎಚ್. ಮರಿಗೌಡರು, ಟಿ. ನರಸೀಪುರ ತಾಲ್ಲೂಕಿನವರು, ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡಿದವರು. 1951ರಲ್ಲಿ ಲಾಲ್‌ಬಾಗ್ ಹೊಣೆ ಹೊತ್ತರು. ಅವರ ಕಾಲದಲ್ಲಿ ತೋಟ 240 ಎಕರೆಗೆ ಬೆಳೀತು. 1963ರಲ್ಲಿ ರಾಜ್ಯಕ್ಕೆ ಪ್ರತ್ಯೇಕ ತೋಟಗಾರಿಕೆ ಇಲಾಖೆ ಬಂತು, ಅದರ ಮೊದಲ ನಿರ್ದೇಶಕರೂ ಅವರೇ. ನನಗೆ ಅವರಲ್ಲಿ ಇಷ್ಟ ಆಗೋದು ಮಳೆಯಾಧಾರಿತ ತೋಟಗಾರಿಕೆಗೆ ಕೊಟ್ಟ ಒತ್ತು. ನರ್ಸರಿ, ಪ್ರಯೋಗಾಲಯ, ಸಹಕಾರ ಸಂಘ ಇವನ್ನೆಲ್ಲಾ ಒಂದಕ್ಕೊಂದು ಜೋಡಿಸಿ, ಒಣಭೂಮಿಯ ರೈತನೂ ಮಾವು, ಹುಣಸೆ ಬೆಳೆದು ಬದುಕಬಹುದು ಅಂತ ಹೊರಟವರು. ರಾಜಧಾನಿಯ ತೋಟ ನೋಡಿಕೊಳ್ಳೋ ಮನುಷ್ಯ ನಮ್ಮಂಥ ಊರುಗಳ ಹೊಲದ ಬಗ್ಗೆ ಯೋಚನೆ ಮಾಡಿದ್ದು ಸಣ್ಣ ಮಾತಲ್ಲ.

ಈಗ ಲೆಕ್ಕಕ್ಕೆ ಬರೋಣ. 1974ರಲ್ಲಿ ಬೆಂಗಳೂರಿಗೆ ಕಾವೇರಿ ನೀರು ಬಂತು. ಎಲ್ಲಿಂದ? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಆ ಕಡೆ ಗಗನಚುಕ್ಕಿ, ಈ ಕಡೆ ನಮ್ಮ ಕೊಳ್ಳೇಗಾಲದ ಭರಚುಕ್ಕಿ, ಅದೇ ಸೀಮೆ. ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ, ಮೂರು ಹಂತದಲ್ಲಿ ಪಂಪ್ ಮಾಡ್ತಾರೆ. ಸಾವಿರ ಲೀಟರ್ ನೀರು ಅಂದ್ರೆ ಒಂದು ಟನ್ ತೂಕ. ಪಂಪಿನ ನಷ್ಟ ಬಿಟ್ಟರೂ ಅದನ್ನ 500 ಮೀಟರ್ ಎತ್ತೋಕೆ 1.36 ಯುನಿಟ್ ಕರೆಂಟ್ ಬೇಕು. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಅಂತ ಇಟ್ಕೊಳ್ಳಿ. ಒಂದು ಎಕರೆಗೆ 20 ಸಾವಿರ ಲೀಟರ್ ಆಯ್ತು. ಕಾವೇರಿ ನೀರನ್ನೇ ಬಿಟ್ರೆ, ಒಂದು ಎಕರೆ ಹುಲ್ಲು ಹಸಿರಾಗಿರೋಕೆ ಕಡಿಮೆ ಅಂದ್ರೂ ದಿನಕ್ಕೆ 27 ಯುನಿಟ್. ಅದೇ ಕಾವೇರಿ ನಮ್ಮ ಹನೂರು ತಾಲ್ಲೂಕಿನ ಅಂಚಲ್ಲೂ ಹರಿಯುತ್ತೆ. ನಮ್ಮ ರಾಗಿ, ಮುಸುಕಿನ ಜೋಳದ ಹೊಲಗಳು ಮಾತ್ರ ಮೋಡ ನೋಡ್ತಾ ಕೂರುತ್ತವೆ.

ಇದನ್ನ ಕೇಳಿ ಬೆಂಗಳೂರಿನ ಪಾರ್ಕುಗಳ ಮೇಲೆ ಸಿಟ್ಟು ಮಾಡ್ಕೋಬೇಡಿ. ದೊಡ್ಡ ತೋಟಗಳು ಈ ಪಾಠವನ್ನ ತಡವಾಗಿಯಾದರೂ ಕಲಿತಿವೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡರೊಳಗೂ ಈಗ ಒಳಚರಂಡಿ ನೀರು ಸಂಸ್ಕರಿಸೋ ಘಟಕ ಇದೆ. ದಿನಕ್ಕೆ ಹತ್ತು ಲಕ್ಷ ಲೀಟರ್‌ಗೂ ಹೆಚ್ಚು ಸಾಮರ್ಥ್ಯದವು. ಯಾರದೋ ಮನೆಯ ಬಚ್ಚಲು, ಅಡುಗೆಮನೆ ದಾಟಿ ಬಂದ ಕಾವೇರಿ ಶುದ್ಧವಾಗಿ ಗಿಡಕ್ಕೆ ಹೋಗ್ತಾಳೆ. ರಿಯಾದ್ ಮಾಡ್ತಿರೋದು ಇದನ್ನೇ, ದೊಡ್ಡ ಪ್ರಮಾಣದಲ್ಲಿ.

2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ರೇಟು ಏರಿ, ಐಟಿಯವರು ಊರಿಗೆ ಹೋಗ್ತೀವಿ ಅಂತ ಪೋಸ್ಟ್ ಹಾಕ್ತಿದ್ದ ದಿನಗಳು. ಆಗ ಜಲಮಂಡಳಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ, ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡ್ತು. ತನ್ನದೇ ಮರುಬಳಕೆ ನೀರು ಇರೋ ತೋಟಕ್ಕೂ, ನಲ್ಲಿಯನ್ನೋ ಬೋರನ್ನೋ ನಂಬಿರೋ ಬಡಾವಣೆ ಪಾರ್ಕಿಗೂ ಇರೋ ವ್ಯತ್ಯಾಸ ಅಂಥ ಬೇಸಿಗೆಯಲ್ಲೇ ಗೊತ್ತಾಗೋದು.

ಕಾನೂನು ಇಲ್ವಾ ಅಂದ್ರೆ, ಇದೆ. ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆ 1975ರ ಕಾಯ್ದೆ, ಊರೂರಿನ ಪಾರ್ಕು, ಆಟದ ಮೈದಾನಗಳಿಗೆ 1985ರ ಕಾಯ್ದೆ. ಎರಡರ ಮುಖ್ಯ ಕಾಳಜಿ ಜಾಗ ಉಳಿಸೋದು. ಜಾಗ ಉಳಿಯೋದು ದೊಡ್ಡ ವಿಷಯವೇ. ಆದರೆ ನಮ್ಮ ಕಡೆ ಪಟ್ಟಣವೊಂದರಲ್ಲಿ ನಾನು ನೋಡಿದ ಪಾರ್ಕಿನಲ್ಲಿ ಜಾಗ ಇದೆ, ತಂತಿಬೇಲಿ ಇದೆ, ಜಿಮ್ ಸಲಕರಣೆ ಇದೆ, ಕಲ್ಲಲ್ಲಿ ಹೆಸರುಗಳೂ ಇವೆ. ನಲ್ಲಿ ಇಲ್ಲ. ಜೂನ್ 5ಕ್ಕೆ ಸಸಿ ನೆಡ್ತಾರೆ, ಮಾರ್ಚ್‌ಗೆ ಕಡ್ಡಿ ಉಳಿಯುತ್ತೆ, ಮತ್ತೆ ಜೂನ್ 5ಕ್ಕೆ ಅದೇ ಗುಂಡಿ. ಮಧ್ಯಾಹ್ನ ಕಬ್ಬಿಣದ ಸಲಕರಣೆ ಮುಟ್ಟಿದ್ರೆ ಕೈ ಸುಡುತ್ತೆ.

ಸಂಜೆ ಹೊತ್ತು ನಮ್ಮ ಕಡೆ ಜನ ಕೂರೋದು ಅರಳಿಕಟ್ಟೆ ಮೇಲೆ. ಅದು ಹಳ್ಳಿಯ ಪಾರ್ಕೇ. ನಮ್ಮ ಹಿರಿಯರು ಅದಕ್ಕೆ ಆರಿಸಿದ ಮರಗಳನ್ನ ನೋಡಿ: ಅರಳಿ, ಆಲ, ಬೇವು, ಹೊಂಗೆ. ಮೊದಲ ಎರಡು ಮೂರು ಬೇಸಿಗೆ ಯಾರಾದ್ರೂ ಕೊಡ ಹೊತ್ತು ಕಾಪಾಡಿದ್ರೆ ಆಮೇಲೆ ಖರ್ಚಿಲ್ಲ. ಹೊಂಗೆಯಂತೂ ಬಿಸಿಲು ಏರೋ ಹೊತ್ತಿಗೇ ಹೊಸ ಚಿಗುರಿಂದ ತುಂಬಿರುತ್ತೆ. ಯಾರಿಗೆ ನೆರಳು ಸಿಗ್ತಿತ್ತು, ಯಾರನ್ನ ಕಟ್ಟೆ ಹತ್ತೋಕೆ ಬಿಡ್ತಿರಲಿಲ್ಲ ಅನ್ನೋದೂ ಇದೇ ಇತಿಹಾಸದ ಭಾಗ, ಅದನ್ನ ಮರೆತು ಕಟ್ಟೆಯನ್ನ ಹೊಗಳೋಕೆ ನನಗೆ ಮನಸ್ಸಿಲ್ಲ. ಪಾರ್ಕ್ ಅನ್ನೋ ಮಾತಿನ ಹಿಂದಿರೋ 'ಸಾರ್ವಜನಿಕ' ಅನ್ನೋ ಪದ ಅದಕ್ಕೇ ಬೇಕು. ಗೇಟು ಎಲ್ಲರಿಗೂ ತೆರೆದಿರೋ ಜಾಗದಲ್ಲಿ ಕಟ್ಟೆಯ ಮರಗಳನ್ನ ನೆಟ್ರೆ ನಮ್ಮಂಥ ಊರಿಗೆ ಸಾಕು. ಹುಲ್ಲುಹಾಸು ಬೇಡ.

ಕಬ್ಬನ್ ಪಾರ್ಕಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಹಳೇ ಬಾವಿಗಳ ಹೂಳು ತೆಗೆದು, ಮಳೆನೀರಿಗೆ ಇಂಗುಬಾವಿ ತೋಡಿದ್ದಾರೆ. ತೋಡಿದವರು ಮಣ್ಣು ವಡ್ಡರು, ತಲೆಮಾರುಗಳಿಂದ ಬಾವಿ ತೆಗೆಯೋ ಕಸುಬಿನವರು. ಮುಂದಿನ ಸಲ ಬ್ಯಾಂಡ್‌ಸ್ಟ್ಯಾಂಡ್ ಹತ್ರ ಫೋಟೋ ತೆಗೆಯೋವಾಗ ಸುತ್ತಮುತ್ತ ಸಿಮೆಂಟ್ ರಿಂಗಿನ ಬಾವಿ ಕಂಡ್ರೆ ಬಗ್ಗಿ ನೋಡಿ.

ಮುಂದಿನ ಸಂಚಿಕೆ ಶಿವನಸಮುದ್ರದ್ದು. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟ್ ಮೊದಲು ಹೋಗಿದ್ದು ಪಕ್ಕದ ಕೊಳ್ಳೇಗಾಲಕ್ಕಲ್ಲ, ದೂರದ ಕೋಲಾರದ ಚಿನ್ನದ ಗಣಿಗೆ. ಆ ಲೆಕ್ಕವನ್ನ ಮುಂದಿನ ವಾರ ಬಿಚ್ಚೋಣ.