ಸಾಸವಡ ಮತ್ತು ದಖ್ಖನ್ನಿನ ರೈತಸಾಲದ ಬಿಕ್ಕಟ್ಟು

ಸಾಸವಡವು ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಕೇಂದ್ರ. ಪುಣೆಯ ಆಗ್ನೇಯಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಕರ್ಹಾ ನದಿಯ ದಡದಲ್ಲಿದೆ. 19ನೆಯ ಶತಮಾನದ ಸಾಲದ ಬಿಕ್ಕಟ್ಟು ಆಡಳಿತ ಸುಧಾರಣೆಗೆ ದಾರಿ ಮಾಡಿದ ಬಗೆಗೂ ಆ ಸುಧಾರಣೆ ಅರ್ಧದಲ್ಲೇ ನಿಂತ ಬಗೆಗೂ ಈ ತಾಲ್ಲೂಕು ನಿದರ್ಶನ.

ಹಿನ್ನೆಲೆ: ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಹತ್ತಿಯ ಬೆಲೆ ಏರಿ, ದಖ್ಖನ್ನಿನ ರೈತರಿಗೆ ಸಾಲ ಸಲೀಸಾಗಿ ಸಿಕ್ಕಿತು. ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. 1867ರಿಂದ ನಡೆದ ಪರಿಷ್ಕರಣೆಯಲ್ಲಿ ಕಂದಾಯವೂ ಹೆಚ್ಚಿತು. ಸಾಲಪತ್ರಕ್ಕೆ ಮೂರೇ ವರ್ಷ ಆಯುಸ್ಸೆಂದು 1859ರ ಕಾಲಮಿತಿ ಕಾಯಿದೆ ವಿಧಿಸಿತ್ತು. ಬಡ್ಡಿ ಬೆಳೆಯದಿರಲೆಂದು ಮಾಡಿದ ಈ ನಿಯಮವೇ ರೈತನಿಗೆ ಮುಳುವಾಯಿತು: ಅವಧಿ ಮುಗಿಯುವ ಮುನ್ನ ಸಾಹುಕಾರ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ.

ದಂಗೆ: 1875ರ ಮೇ 12ರಂದು ಇದೇ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅವರ ಮುಖ್ಯ ಗುರಿ ಸಾಲಪತ್ರ ಮತ್ತು ಲೆಕ್ಕದ ಪುಸ್ತಕ. ಅವನ್ನು ಕಿತ್ತುಕೊಂಡು ಸುಟ್ಟರು. ದಂಗೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು.

ಸುಧಾರಣೆ: ತನಿಖಾ ಆಯೋಗದ ವರದಿಯ ಬಳಿಕ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ಪುಣೆ, ಸಾತಾರಾ, ಸೋಲಾಪುರ, ಅಹಮದ್‌ನಗರ ಜಿಲ್ಲೆಗಳಿಗೆ ಅನ್ವಯಿಸಿದ ಇದು ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕುವುದನ್ನು ತಡೆಯಿತು. ಪತ್ರದ ಹಿಂದಿನ ಇಡೀ ವ್ಯವಹಾರವನ್ನು ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಆದರೆ ಬಿತ್ತನೆಗೆ ಬೇಕಾದ ಹಣಕ್ಕೆ ಬೇರೆ ಮೂಲವಿರಲಿಲ್ಲ. ಸಾಹುಕಾರರು ಅಡಮಾನ ಬಿಟ್ಟು ಕ್ರಯಪತ್ರ ಕೇಳತೊಡಗಿದರು.

ಪುರಂದರ ಬ್ಯಾಂಕ್ ಯೋಜನೆ: ಈ ಕೊರತೆ ನೀಗಲು ಬ್ರಿಟಿಷ್ ಅಧಿಕಾರಿ ವಿಲಿಯಂ ವೆಡರ್‌ಬರ್ನ್ 1882ರ ಹೊತ್ತಿಗೆ ಕೃಷಿ ಬ್ಯಾಂಕಿನ ಯೋಜನೆ ಮುಂದಿಟ್ಟರು. ಪ್ರಯೋಗಕ್ಕೆ ಆರಿಸಿದ್ದು ಪುರಂದರ ತಾಲ್ಲೂಕನ್ನು. ವೈಸ್‌ರಾಯ್ ರಿಪನ್ನರ ಸರ್ಕಾರ ಒಪ್ಪಿದರೂ ಲಂಡನ್ನಿನ ಭಾರತ ಕಾರ್ಯದರ್ಶಿ ಒಪ್ಪಲಿಲ್ಲ. ಬ್ಯಾಂಕು ತೆರೆಯಲೇ ಇಲ್ಲ.

ನಂತರ: 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂತು. ಮರುವರ್ಷ, ಪುಣೆಯೂ ಸೇರಿದ್ದ ಮುಂಬಯಿ ಪ್ರಾಂತ್ಯದ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಂಘ ಆರಂಭವಾಯಿತು. ದಂಗೆಯನ್ನು ಕಂಡ ಸರ್ಕಾರಕ್ಕೆ ಸಾಲಗಾರನ ರಕ್ಷಣೆಯ ಕಾಯಿದೆ ತರಲು ನಾಲ್ಕು ವರ್ಷ ಸಾಕಾಯಿತು. ಅವನ ಕೈಗೆ ನ್ಯಾಯವಾದ ಸಾಲ ಸಿಗುವ ಕಾಯಿದೆಗೆ 29 ವರ್ಷ ಬೇಕಾಯಿತು.