ಏಳನೆಯ ಪ್ರಯತ್ನ

ಒಂಬತ್ತನೆಯ ತರಗತಿಯ ಜೀವಕೋಶದ ಪಾಠದಂದು, ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಹುಡುಗಿಯೊಬ್ಬಳು, "ನಮ್ಮ ದೇಹದಿಂದ ಹೊರತೆಗೆದ ಜೀವಕೋಶ ಎಷ್ಟು ದಿನ ಬದುಕುತ್ತದೆ, ಸಾರ್?" ಎಂದು ಕೇಳಿದ್ದಳು. "ದಿನವೆಲ್ಲಿ ಬಂತಮ್ಮ, ಬೇಗನೆ ಸಾಯುತ್ತದೆ" ಎಂದುಬಿಟ್ಟೆ. ಆ ಉತ್ತರ ತಪ್ಪು. ಅದನ್ನು ತಿದ್ದುವುದಕ್ಕೆಂದೇ ಈ ಲೇಖನ.

1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಕ್ಯಾನ್ಸರ್ ಕೋಶಗಳು ಪ್ರಯೋಗಾಲಯದಲ್ಲಿ ಬೆಳೆದು 'ಹೀಲಾ' ಎಂದು ಪ್ರಸಿದ್ಧವಾದವು. ಸ್ತನ ಕ್ಯಾನ್ಸರಿನ ಕೋಶಗಳು ಅಷ್ಟು ಸುಲಭವಾಗಿ ಒಲಿಯಲಿಲ್ಲ. ಗಡ್ಡೆಯ ತುಣುಕನ್ನು ಪೋಷಕ ದ್ರವದಲ್ಲಿಟ್ಟರೆ, ಅದರೊಡನೆ ಬಂದ ನಾರು ಅಂಗಾಂಶದ ಸಾಮಾನ್ಯ ಕೋಶಗಳೇ ಕಳೆಯಂತೆ ಹಬ್ಬಿ ಪೈರನ್ನು ಮುಚ್ಚಿಬಿಡುತ್ತಿದ್ದವು.

ಡೆಟ್ರಾಯಿಟ್‌ನ ಮಿಷಿಗನ್ ಕ್ಯಾನ್ಸರ್ ಫೌಂಡೇಶನ್‌ನಲ್ಲಿ ಹರ್ಬರ್ಟ್ ಸೂಲ್ ಮತ್ತು ಸಂಗಡಿಗರು ಈ ಕೆಲಸದಲ್ಲಿ ತೊಡಗಿದ್ದರು. 1970ರಲ್ಲಿ ಅವರಿಗೆ ಸಿಸ್ಟರ್ ಕ್ಯಾಥರೀನ್ ಫ್ರಾನ್ಸೆಸ್ ಎಂಬ 69 ವರ್ಷದ ಕ್ರೈಸ್ತ ಸನ್ಯಾಸಿನಿಯ ಕೋಶಗಳು ದೊರೆತವು. ಆಕೆಯ ರೋಗ ಸ್ತನವನ್ನು ದಾಟಿ ಹರಡಿತ್ತು. ಶ್ವಾಸಕೋಶದ ಸುತ್ತ ತುಂಬಿದ್ದ ನೀರಿನಲ್ಲಿ ಕ್ಯಾನ್ಸರ್ ಕೋಶಗಳು ತೇಲುತ್ತಿದ್ದುದರಿಂದ ಕಳೆಯ ಕಾಟ ಕಡಿಮೆಯಿತ್ತು. ಅವು ಬದುಕಿದವು, ಬೆಳೆದವು. 1973ರಲ್ಲಿ ಈ ಯಶಸ್ಸು ಪ್ರಕಟವಾಯಿತು. ಕೋಶಗಳಿಗಿಟ್ಟ ಹೆಸರು ಎಂಸಿಎಫ್-7. ಅಕ್ಷರಗಳು ಸಂಸ್ಥೆಯವು, ಏಳು ಎಂಬುದು ಪ್ರಯತ್ನದ ಸಂಖ್ಯೆ. ಹಿಂದಿನ ಸೋಲುಗಳನ್ನು ಹೆಸರಿನಲ್ಲಿಯೇ ಒಪ್ಪಿಕೊಂಡ ಆ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚಿಗೆಯಾಯಿತು.

ಇವನ್ನು ಸಾಕುವ ಕ್ರಮ ಸಸಿ ಬೆಳೆಸುವಂಥದೇ. 37 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ, ಪೋಷಕ ದ್ರವದಲ್ಲಿ, ಕೋಶಗಳು ಪಾತ್ರೆಯ ತಳಕ್ಕೆ ಅಂಟಿ ಬೆಳೆಯುತ್ತವೆ. ತಳ ತುಂಬುತ್ತ ಬಂದಾಗ ಟ್ರಿಪ್ಸಿನ್ ಎಂಬ ಕಿಣ್ವದಿಂದ ಬಿಡಿಸಿ, ಹೊಸ ಪಾತ್ರೆಗಳಿಗೆ ಹಂಚುತ್ತಾರೆ.

ಈ ಕೋಶಗಳಲ್ಲಿ ಈಸ್ಟ್ರೋಜೆನ್ ಹಾರ್ಮೋನಿನ ಗ್ರಾಹಕಗಳಿರುವುದು 1973ರಲ್ಲಿಯೇ ಗೊತ್ತಾಯಿತು. ಆ ಹಾರ್ಮೋನನ್ನು ತಡೆಯುವ ಟ್ಯಾಮೋಕ್ಸಿಫೆನ್ ಔಷಧವು ಇವುಗಳ ಬೆಳವಣಿಗೆಯನ್ನು ಕುಂಠಿಸುತ್ತದೆಂದು 1975ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂದಿತು. ಔಷಧ ಹೇಗೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಏಕೆ ಸೋಲುತ್ತದೆ ಎಂಬುದನ್ನು ರೋಗಿಯನ್ನು ನೋಯಿಸದೆ ಪರೀಕ್ಷಿಸುವ ದಾರಿ ತೆರೆಯಿತು. ಇಂದು ಅಸಂಖ್ಯ ಸ್ತ್ರೀಯರು ಸೇವಿಸುವ ಮಾತ್ರೆಯ ಹಿಂದೆ ಆ ಸನ್ಯಾಸಿನಿಯ ಋಣವೂ ಇದೆ.

ಸಿಸ್ಟರ್ ಕ್ಯಾಥರೀನ್ ಇದಾವುದನ್ನೂ ಕಾಣಲಿಲ್ಲ, 1970ರಲ್ಲಿಯೇ ತೀರಿಕೊಂಡರು. 'ಹೀಲಾ'ದಲ್ಲಿ ಹೆನ್ರಿಯೆಟಾಳ ಹೆಸರಿನ ಮೊದಲಕ್ಷರಗಳಾದರೂ ಉಳಿದವು; ಎಂಸಿಎಫ್-7ರಲ್ಲಿ ಇವರ ಹೆಸರಿನ ಸುಳಿವೂ ಇಲ್ಲ. ಆದುದರಿಂದಲೇ ಇಲ್ಲಿ ಬರೆದಿದ್ದೇನೆ.

ಅಂದು ಪ್ರಶ್ನೆ ಕೇಳಿದ ಮಗುವೇ, ಇದನ್ನು ಓದುತ್ತಿದ್ದರೆ ಉತ್ತರವನ್ನು ತಿದ್ದಿಕೋ. ಐವತ್ತು ವರ್ಷಗಳೇ ಕಳೆದವು. ಆ ಕೋಶಗಳ ಸಂತತಿ ಇನ್ನೂ ಬದುಕಿದೆ.